ಅಮರಮ್ಮನ ಸಂಚಿ

ಅಮರಮ್ಮನವರ ಎದುರಿಗೆ ಕೆಮ್ಮಬಾರದು ಎಂಬುದು ಮಾನ್ವಿಯ ಈ ಓಣಿಗೆ ಬಂದ ಹೊಸತರಲ್ಲೇ ನಾನು ಕಲಿತ ಪಾಠ. ಕೆಮ್ಮುವುದಷ್ಟೇ ಅಲ್ಲ, ಹಣೆ ಒತ್ತಿಕೊಳ್ಳಬಾರದು, ಮೆಟ್ಟಿಲು ಹತ್ತುವಾಗ ‘ಉಸ್ಸಪ್ಪಾ’ ಎನ್ನಬಾರದು, ಊಟವಾದ ಮೇಲೆ ಎದೆ ನೀವಿಕೊಳ್ಳಬಾರದು. ಇಂಥ ಯಾವುದೇ ಲಕ್ಷಣ ಕಂಡ ಕೂಡಲೇ ಅವರ ಬಲಗೈ, ಒಡತಿಯ ಅಪ್ಪಣೆಗೂ ಕಾಯದೆ, ಸೊಂಟಕ್ಕೆ ಸಿಕ್ಕಿಸಿಕೊಂಡ ಎಲೆಅಡಿಕೆಯ ಸಂಚಿಗೆ ಹೋಗುತ್ತಿತ್ತು, ದಾರ ಸಡಿಲುತ್ತಿತ್ತು, ಎರಡು ಬೆರಳು ಒಳಗಿಳಿದು, ಅವರು ಕ್ಷಣಕಾಲ ಕಣ್ಣುಮುಚ್ಚಿ ಧ್ಯಾನಿಸಿದ ಮೇಲೆ, ಒಂದು ಗುಳಿಗೆ ಹೊರಬರುತ್ತಿತ್ತು. “ತಗೋರಿ ಸರ, ಭಾಳ ಚಲೋ ಅದ ಇದು.” ಯಾವುದಕ್ಕೆ ಚಲೋ ಎಂದು ಕೇಳುವ ಧೈರ್ಯ ಮಾಡಿದವರನ್ನು ನಾನು ಕಾಣೆ.

ನಾನು ಇಲ್ಲಿನ ಕಾಲೇಜಿನಲ್ಲಿ ಕನ್ನಡ ಕಲಿಸುವವನು; ಬಟ್ಟೆ ವ್ಯಾಪಾರಿ ಅಬ್ದುಲ್ ವಹೀದ್ ಸಾಹೇಬರ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗೆ ಇರುವವನು. ಪಕ್ಕದ ಮನೆ ಅಮರಮ್ಮನವರ ಮಗಳು, ಸರಕಾರಿ ಶಾಲೆಯ ಶಿಕ್ಷಕಿ ಕಲ್ಯಾಣಿಯವರದು. ಎರಡು ಅಂಗಳಗಳ ನಡುವೆ ಎದೆಮಟ್ಟದ ಗೋಡೆಯಿದೆ, ನನ್ನ ಕಿಟಕಿಯಿಂದ ಎರಡೂ ಅಂಗಳ ಕಾಣುತ್ತವೆ. ಬರೆಯುವ ಚಟವಿರುವವನಿಗೆ ಇಂಥ ಕಿಟಕಿ ಸಿಗಬಾರದು, ನನಗೆ ಸಿಕ್ಕಿತು.

ಸಂಚಿಯನ್ನು ಅವರೇ ಹೊಲಿದುಕೊಂಡಿದ್ದರು. ಕಡುಗೆಂಪು ಕುಪ್ಪಸದ ಬಟ್ಟೆ, ಅಂಚಿಗೆ ಹಸಿರು ದಾರ, ಒಳಗೆ ಪುಟ್ಟ ಜೇಬುಗಳಂತೆ ಅರೆಯ ಮೇಲೆ ಅರೆ. ಒಂದರಲ್ಲಿ ಎಲೆ, ಒಂದರಲ್ಲಿ ಅಡಿಕೆ, ಒಂದರಲ್ಲಿ ಸುಣ್ಣದ ಡಬ್ಬಿ ಮತ್ತು ಲವಂಗ, ಉಳಿದದ್ದೆಲ್ಲ ಔಷಧಾಲಯ. ತಲೆಯದು ಮೇಲಿನ ಅರೆ, ಹೊಟ್ಟೆಯದು ನಡುವಿನದು, ಕೀಲುನೋವಿನದು ತಳದ್ದು ಎಂದು ದೇಹದ ಕ್ರಮವನ್ನೇ ಅನುಸರಿಸಿದ ಶಾಸ್ತ್ರೀಯ ವಿಂಗಡಣೆ. ಆದರೆ ಒಂದು ಗುಳಿಗೆಯೂ ಅದರ ಹೊದಿಕೆಯೊಳಗೆ ಇರುತ್ತಿರಲಿಲ್ಲ. ಆ ತಗಡಿನ ಹಾಳೆಯ ಅಂಚು ಎಲೆಗಳನ್ನು ಹರಿಯುತ್ತದೆಂಬುದು ಒಂದು ಕಾರಣ; ನೋವು ಬಂದ ಹೊತ್ತಿನಲ್ಲಿ ಅದನ್ನು ಒತ್ತಿ ಒಡೆಯುವ ಬಲ ಮುಪ್ಪಿನ ಬೆರಳಿಗೆ ಇರುವುದಿಲ್ಲವೆಂಬುದು ಇನ್ನೊಂದು. ಆದ್ದರಿಂದ ಬಿಸಿಲು ಕಾಯುತ್ತ ಕಟ್ಟೆಯ ಮೇಲೆ ಕೂತು, ತೊಗರಿಕಾಯಿ ಸುಲಿದ ಹಾಗೆ ಎಲ್ಲವನ್ನೂ ಒಮ್ಮೆಗೇ ಸುಲಿದು ತುಂಬಿಕೊಳ್ಳುತ್ತಿದ್ದರು. ನಾನು ನುಂಗಿದ ಮೊದಲ ಗುಳಿಗೆಗೆ ಲವಂಗದ ಘಮವಿತ್ತು. ನನ್ನ ನೆಗಡಿ ಅದರಿಂದ ಹೋಯಿತೋ ತಾನಾಗಿ ಹೋಯಿತೋ ಹೇಳಲಾರೆ. ಅಮರಮ್ಮನವರಿಗೆ ಮಾತ್ರ ಆ ವಿಷಯದಲ್ಲಿ ಸಂದೇಹವಿರಲಿಲ್ಲ.

ಅವರ ನಡಿಗೆಯ ಮಾತು ಹೇಳಬೇಕು. ಬೆಳಿಗ್ಗೆ ಎದ್ದು ಬಚ್ಚಲಿಗೆ ಹೋಗುವಾಗ ಒಂದು ಕೈ ಗೋಡೆಯ ಮೇಲೆ, ಇನ್ನೊಂದು ಗಾಳಿಯಲ್ಲಿ. ತುಸು ಎಡಕ್ಕೆ ವಾಲಿ, ನಿಂತು, ಮತ್ತೆ ಬಲಕ್ಕೆ ವಾಲಿ, ದೋಣಿಯಲ್ಲಿ ನಿಂತವರಂತೆ ಸಾಗುತ್ತಿದ್ದರು. ವಯಸ್ಸಾಯಿತಲ್ಲ ಎಂದು ಕಲ್ಯಾಣಿ ಅನ್ನುತ್ತಿದ್ದರು, ಹೌದೆಂದು ನಾವೂ ಅನ್ನುತ್ತಿದ್ದೆವು. ಅಮರಮ್ಮನವರ ವಿವರಣೆ ಇನ್ನೂ ಗಂಭೀರವಾದುದು: “ಭೂಮಿ ತಿರುಗತದ ಅಂತ ಸಾಲ್ಯಾಗ ಕಲಸ್ತೀರಲ್ರೀ ಸರ, ನಿಮಗ ಅದು ಬಾಯಿಮಾತು. ನನಗ ದಿನಾ ಗೊತ್ತಾಗ್ತದ ನೋಡ್ರಿ.”

ಇಷ್ಟು ಗುಳಿಗೆಗಳು ಎಲ್ಲಿಂದ ಬರುತ್ತಿದ್ದವು ಎಂದರೆ, ಅವರಿಗೆ ಇಬ್ಬರು ವೈದ್ಯರಿದ್ದರು. ಹುಟ್ಟೂರಾದ ದೇವದುರ್ಗದಲ್ಲಿ ಒಬ್ಬರು, ಮಗಳ ಊರಾದ ಮಾನ್ವಿಯಲ್ಲಿ ಒಬ್ಬರು. ಮಗಳ ಮನೆಗೆ ಬಂದ ಮೇಲೆ ಹಳಬರನ್ನು ಬಿಟ್ಟುಬಿಡುವುದು ಅವರ ಲೆಕ್ಕದಲ್ಲಿ ಕೃತಘ್ನತೆ. ಹೊಸಬರ ಮಾತು ಮೀರುವುದು ಅವಮಾನ. ಹೀಗಾಗಿ ರಕ್ತದೊತ್ತಡಕ್ಕೆ ಅಲ್ಲಿನವರು ಕೊಟ್ಟ ಬಿಳಿಯ ಗುಳಿಗೆಯನ್ನೂ ಇಲ್ಲಿನವರು ಕೊಟ್ಟ ಗುಲಾಬಿ ಬಣ್ಣದ ಗುಳಿಗೆಯನ್ನೂ ಪಕ್ಷಪಾತವಿಲ್ಲದೆ ನುಂಗುತ್ತಿದ್ದರು. ಒಬ್ಬರ ಸುದ್ದಿ ಇನ್ನೊಬ್ಬರ ಮುಂದೆ ಎತ್ತುತ್ತಿರಲಿಲ್ಲ. “ಬೀಗರ ಮನ್ಯಾಗ ಉಂಡದ್ದು ತವರಮನ್ಯಾಗ ಹೇಳ್ತಾರೇನ್ರಿ?” ಎಂದು ನನ್ನನ್ನೇ ಕೇಳಿದ್ದರು.

ದೇವದುರ್ಗಕ್ಕೆ ಒಮ್ಮೆ ಅವರ ಜೊತೆ ಬಸ್ಸಿನಲ್ಲಿ ಹೋಗುವ ಸುಯೋಗ ನನಗೆ ಒದಗಿತ್ತು. ಕಂಡಕ್ಟರನ ದವಡೆ ಬಾತಿರುವುದನ್ನು ಅವರು ಟಿಕೆಟ್ ತೆಗೆದುಕೊಳ್ಳುವಾಗಲೇ ಪತ್ತೆಹಚ್ಚಿದರು. ಮುಂದಿನ ಸೀಟಿನ ಮುದುಕಪ್ಪನೆಂಬ ಹಿರಿಯರು ಸೊಂಟ ಹಿಡಿದು ನರಳಿದರು. ಹಿಂದಿನ ಸೀಟಿನ ಹೆಂಗಸು ತಲೆಗೆ ಸೆರಗು ಬಿಗಿದುಕೊಂಡಳು. ಬಸ್ಸು ಸಿರವಾರ ಮುಟ್ಟುವ ಹೊತ್ತಿಗೆ ಸಂಚಿ ಅರ್ಧ ಬರಿದಾಗಿತ್ತು, ಅಮರಮ್ಮನವರ ಮುಖ ತುಂಬಿ ಬಂದಿತ್ತು. ಆ ಮುಖವನ್ನು ನೋಡಿದ ಮೇಲೆ ನಾನು ಆಡಬೇಕೆಂದಿದ್ದ ಬುದ್ಧಿಮಾತನ್ನು ಬಾಯಲ್ಲೇ ಇಟ್ಟುಕೊಂಡೆ.

ಆ ಮುಖದ ಅರ್ಥ ನನಗೆ ತಿಳಿದದ್ದು ಎದುರುಮನೆಯ ಶಿವಗಂಗಾ ಅವರಿಂದ. ಅವರದು ಮಡಿಯ ಮನೆ. ಅವರಿಗೆ ತಲೆನೋವು ಬಂತೆಂದರೆ ನೇರ ಅಮರಮ್ಮನವರ ಕಟ್ಟೆಗೆ ಬರುವರು, ಅಂಗೈ ಒಡ್ಡುವರು, ಗುಳಿಗೆ ತೆಗೆದುಕೊಳ್ಳುವರು. ಆದರೆ ಅಲ್ಲೇ ನುಂಗುವರಲ್ಲ. ಮುಷ್ಟಿಯಲ್ಲಿ ಹಿಡಿದು ರಸ್ತೆ ದಾಟಿ, ತಮ್ಮ ಮನೆಯ ತಾಮ್ರದ ಚರಿಗೆಯ ನೀರಿನಲ್ಲಿ ನುಂಗುವರು. ಗುಳಿಗೆಗೆ ಮೈಲಿಗೆಯಿಲ್ಲ, ನೀರಿಗುಂಟು! ನನಗೆ ಸಿಟ್ಟು ಬಂದು ಒಂದು ದಿನ ಆ ಮಾತು ಎತ್ತಿದೆ. ಅಮರಮ್ಮನವರು ಅಡಿಕೆ ಕತ್ತರಿಸುತ್ತಿದ್ದವರು ತಲೆ ಎತ್ತಲಿಲ್ಲ. “ಕೈಯಾಗಿಂದ ಮುಟ್ಟಿ ತಗೊಂತಾರಲ್ರೀ. ನಮ್ಮವ್ವನ ಕೈಯಾಗಿಂದ ಯಾರೂ ಏನೂ ತಗೊಂಡಿದ್ದಿಲ್ಲ.”

ಅವರ ತಾಯಿ, ಆಮೇಲೆ ಅವರು, ದೇವದುರ್ಗದ ಸೀಮೆಯ ಹೊಲಗಳಲ್ಲಿ ಹತ್ತಿ ಬಿಡಿಸಿ ಬಾಳಿದವರು. ಹೊಲದೊಡೆಯರ ಮನೆಯಲ್ಲಿ ನೀರು ಬೊಗಸೆಗೆ ಮೇಲಿನಿಂದ ಬೀಳುತ್ತಿತ್ತು, ಎಲೆಅಡಿಕೆ ಉಡಿಗೆ ದೂರದಿಂದ ಬೀಳುತ್ತಿತ್ತು. ಅವರ ಸಂಚಿಯಿಂದ ಒಂದೆಲೆ ಕೇಳುವವರು ಇರಲಿಲ್ಲ. ಮಗಳನ್ನು ಓದಿಸಿದರು, ಮಗಳು ಟೀಚರಾದರು, ಮನೆ ಕಟ್ಟಿದರು, ಪಡಸಾಲೆಯಲ್ಲಿ ಬುದ್ಧನ ಪಟ ಬಂತು. ಆದರೂ ಕೊಡುವುದಕ್ಕೆ ಮುಂದಾದ ಕೈ ಹಾಗೇ ಗಾಳಿಯಲ್ಲಿ ನಿಂತುಬಿಡುವ ಅನುಭವ ಮಗಳ ಪಗಾರದಿಂದ ಅಳಿಸುವಂಥದ್ದಲ್ಲ. ಈ ಇಳಿವಯಸ್ಸಿನಲ್ಲಿ, ಕೇವಲ ಗುಳಿಗೆಯ ದೆಸೆಯಿಂದ, ಊರಿಗೆ ಊರೇ ಅವರ ಮುಂದೆ ಅಂಗೈ ಒಡ್ಡುತ್ತಿತ್ತು.

ಗುಳಿಗೆಯ ಹಂಗಿಲ್ಲದೆ ಆ ಕೈಯನ್ನು ಒಪ್ಪಿದವರು ಒಬ್ಬರೇ: ಗೋಡೆಯಾಚೆಯ ಸುಗ್ರಾ ಬೇಗಂ, ವಹೀದ್ ಸಾಹೇಬರ ಮಡದಿ. ಅಮರಮ್ಮನವರು ಈ ಮನೆಗೆ ಬಂದ ದಿನ, ಸಾಮಾನು ಇಳಿಯುವುದರೊಳಗೇ, ಗೋಡೆಯ ಮೇಲೆ ಒಂದು ಗಾಜಿನ ಬಳೆಯ ಕೈ ಕಂಡಿತಂತೆ. “ಎಲಿ ಅದಾವೇನಕ್ಕಾ? ನನ್ನವು ಬಾಡ್ಯಾವ.” ಅಮರಮ್ಮನವರು ಎಲೆಯನ್ನು ಗೋಡೆಯ ಮೇಲೆ ಇಟ್ಟು ಹಿಂದೆ ಸರಿದರಂತೆ, ಹಳೆಯ ರೂಢಿ. ಸುಗ್ರಾ ಅದನ್ನು ಮುಟ್ಟಲೇ ಇಲ್ಲ. “ಕೈಯಾಗ ಕೊಡು ಬೇ, ನಾ ಏನು ಕಾಗಿ ಅದೀನೇನು ಗ್ವಾಡಿಮ್ಯಾಲಿಂದ ಎತ್ತಿಕೊಳ್ಳಾಕ!” ಈ ಕಥೆಯನ್ನು ಇಬ್ಬರೂ ನನಗೆ ಬೇರೆ ಬೇರೆಯಾಗಿ ಹೇಳಿದ್ದಾರೆ, ಹೇಳುವಾಗ ಇಬ್ಬರೂ ನಗುತ್ತಾರೆ, ಇಬ್ಬರ ಕಣ್ಣೂ ಒದ್ದೆಯಾಗುತ್ತವೆ.

ಇಂಥ ಗೆಳತಿಗೆ ಈ ರಮಜಾನಿನಲ್ಲಿ ಮೊಣಕಾಲು ಕೈಕೊಟ್ಟಿತು. ಅವರದು ಮೊದಲೇ ನಾಜೂಕಾದ ದೇಹ. ಹೋದ ವರ್ಷ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿ, ರಕ್ತ ಹೆಪ್ಪುಗಟ್ಟದಿರಲೆಂದು ದಿನವೂ ಗುಳಿಗೆ ಬರೆದುಕೊಟ್ಟಿದ್ದರು. ಉಪವಾಸ ಬೇಡವೆಂದು ಗಂಡ ಹೇಳಿದರೂ ಹಟ ಹಿಡಿದು ಕೈಗೊಂಡರು. ಆದರೆ ಕಾಲು ಬಗ್ಗದು. ನಮಾಜನ್ನು ಕುರ್ಚಿಯ ಮೇಲೆ ಕೂತು ಮಾಡಬೇಕಾಯಿತು. ಎಳೆತನದಿಂದ ಹಣೆಯನ್ನು ನೆಲಕ್ಕೆ ಹಚ್ಚಿದವರಿಗೆ ಅದು ಅರ್ಧ ಪ್ರಾರ್ಥನೆಯೆನಿಸಿ, ಸಂಜೆಯ ಹೊತ್ತು ಗೋಡೆಗೆ ಆತು ಅತ್ತರು. ಅಮರಮ್ಮನವರ ಕೈ ಸಂಚಿಗೆ ಹೋಯಿತು, ತಳದ ಅರೆಗೆ. ತಮ್ಮ ಮೊಣಕಾಲಿಗೆ ದೇವದುರ್ಗದ ವೈದ್ಯರು ಕೊಟ್ಟಿದ್ದ ಗುಳಿಗೆ. ಅವರಿಗೆ ಹಿತವಾದದ್ದು ಗೆಳತಿಗೆ ಅಹಿತ ಹೇಗಾದೀತು? ಮರುದಿನ ಗೋಡೆಯಾಚೆಯಿಂದ ಬಂದ ದನಿ ನನ್ನ ಕೋಣೆಗೂ ಕೇಳಿಸಿತು. “ಅಮರಕ್ಕಾ! ಹಣಿ ನೆಲಕ್ಕ ಹತ್ತಿತು ಬೇ! ಎಲ್ಲಾರಕಿಂತ ಮೊದಲ ನಿನಗ ದುವಾ ಬೇಡೀನಿ!” ಇಬ್ಬರು ಮುದುಕಿಯರು ಗೋಡೆಯ ಮೇಲೆ ಒಬ್ಬರ ಕೈ ಒಬ್ಬರು ಹಿಡಿದು ನಿಂತದ್ದನ್ನು ನಾನು ಕಿಟಕಿಯಿಂದ ಕಂಡು ಸಂತೋಷಪಟ್ಟೆ. ಆಮೇಲೆ ಪ್ರತಿ ಸಂಜೆ ಇಫ್ತಾರಿನ ಹೊತ್ತಿಗೆ ಖರ್ಜೂರದ ತಟ್ಟೆ ಗೋಡೆಯಿಂದೀಚೆ ಬರುತ್ತಿತ್ತು, ಗುಳಿಗೆ ಗೋಡೆಯಾಚೆ ಹೋಗುತ್ತಿತ್ತು.

ದಿನ ಕಳೆದಂತೆ ಸುಗ್ರಾ ಬೇಗಂ ಬಿಳಿಚಿಕೊಂಡರು. ಉಪವಾಸದ ಆಯಾಸ ಎಂದುಕೊಂಡರು ಮನೆಯವರು. ಮಲ ಕಪ್ಪಗಾಗುತ್ತಿದ್ದುದನ್ನು ಅವರು ಯಾರಿಗೂ ಹೇಳಲಿಲ್ಲ; ಖರ್ಜೂರ ತಿಂದರೆ ಹಾಗಾಗುತ್ತದೆಂದು ತಾವೇ ಸಮಾಧಾನ ಮಾಡಿಕೊಂಡರು. ಒಂದು ಮಧ್ಯಾಹ್ನ ನಮಾಜಿಗೆ ಮುಂಚೆ ಕೈಕಾಲು ತೊಳೆಯಲು ನಲ್ಲಿಯ ಬಳಿ ಹೋದವರು ಅಲ್ಲೇ ಕುಸಿದರು. ವಹೀದ್ ಸಾಹೇಬರು ಕಾರು ತರಿಸಿದರು, ನಾನು ಹಿಡಿದು ಕೂರಿಸಿದೆ. ಯಾರೂ ಕರೆಯದೆ ಅಮರಮ್ಮನವರು ಇನ್ನೊಂದು ಬಾಗಿಲಿನಿಂದ ಹತ್ತಿ, ಗೆಳತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ಕಾರು ರಾಯಚೂರಿಗೆ ಹೊರಟಿತು.

ಆಸ್ಪತ್ರೆಯಲ್ಲಿ ಪರೀಕ್ಷಿಸಿದವರು ಡಾಕ್ಟರ್ ತಹಮೀನಾ ಎಂಬ ಎಳೆಯ ವೈದ್ಯೆ. ಹೊಟ್ಟೆಯೊಳಗೆ ರಕ್ತ ಸೋರುತ್ತಿದೆ ಎಂದು ಅವರಿಗೆ ಬೇಗ ತಿಳಿಯಿತು. ಕಾರಣ ಬೇಕಾಗಿತ್ತು. “ಬರದುಕೊಟ್ಟ ಗುಳಿಗಿ ಬಿಟ್ಟು ಬ್ಯಾರೆ ಏನರ ತಗೊಂಡೀರೇನಮ್ಮ? ನೋವಿನ ಗುಳಿಗಿ, ನಾಟಿ ಔಷಧ, ಏನರ?” ವಹೀದ್ ಸಾಹೇಬರು ಇಲ್ಲವೆಂದು ತಲೆಯಾಡಿಸಿದರು, ಅವರಿಗೆ ಗೊತ್ತಿರಲಿಲ್ಲ. ಸುಗ್ರಾ ಬೇಗಂ ಕಣ್ಣು ತೆರೆದು, ವೈದ್ಯೆಯನ್ನಲ್ಲ, ಬಾಗಿಲ ಬಳಿ ನಿಂತಿದ್ದ ಅಮರಮ್ಮನವರನ್ನು ನೋಡಿದರು. “ಇಲ್ಲವ್ವಾ. ಏನೂ ಇಲ್ಲ.” ಬಾಯಾರಿಕೆಯಲ್ಲೂ ಒಂದು ಗುಟುಕು ನೀರು ಮುಟ್ಟದ ಆ ತಿಂಗಳಲ್ಲಿ, ಪ್ರಾಣ ತೂಗುತ್ತಿದ್ದ ಆ ಹೊತ್ತಿನಲ್ಲಿ, ಆ ಸಾಧ್ವಿ ಸುಳ್ಳಾಡಿದರು. ಕೊಟ್ಟ ಕೈಯನ್ನು ಬಿಟ್ಟುಕೊಡಬಾರದೆಂದು ಆಡಿದರು.

ಗುಳಿಗೆಯೇ ಕಾರಣವೆಂದು ಅಮರಮ್ಮನವರಿಗಾದರೂ ಏನು ಗೊತ್ತಿತ್ತು? ಸುಮ್ಮನಿದ್ದಿದ್ದರೆ ಅವರನ್ನು ಯಾರೂ ಕೇಳುತ್ತಿರಲಿಲ್ಲ. ಅವರ ಬಲಗೈ ಸೊಂಟಕ್ಕೆ ಹೋಯಿತು. ವೈದ್ಯೆಯ ಮೇಜಿನ ಬಳಿ ಬಂದು, ದಾರ ಬಿಚ್ಚಿ, ಸಂಚಿಯನ್ನು ತಲೆಕೆಳಗು ಮಾಡಿ ಸುರಿದರು. ಎಲೆ, ಅಡಿಕೆಯ ಹೋಳು, ಸುಣ್ಣದ ಡಬ್ಬಿ, ಲವಂಗ, ಅವುಗಳ ನಡುವೆ ಬಣ್ಣಬಣ್ಣದ ಗುಳಿಗೆಗಳು.

“ಯವ್ವಾ, ಆಕಿ ನನ್ನ ಉಳಸಾಕ ಸುಳ್ಳು ಹೇಳಾಕತ್ತಾಳ. ಮಣಕಾಲಿನ ಗುಳಿಗಿ ನಾ ಕೊಟ್ಟೀನಿ. ದಿನಾ ಕೊಟ್ಟೀನಿ. ಈ ಕೈಲೇ ಕೊಟ್ಟೀನಿ.”

ವಹೀದ್ ಸಾಹೇಬರು ಅವರ ಕಡೆ ತಿರುಗಿದರು. “ಇದರಾಗ ಯಾವುದಮ್ಮ?” ಎಂದು ವೈದ್ಯೆ ಕೇಳಿದರು. ಅಮರಮ್ಮನವರು ಬಗ್ಗಿ ನೋಡಿದರು. ಅರೆಯೊಳಗೆ ಬೆರಳಿಗೆ ಗುರುತು ಸಿಗುತ್ತಿದ್ದ ಗುಳಿಗೆಗಳು ಆ ದೀಪದ ಬೆಳಕಿನಲ್ಲಿ ಒಂದರಂತೆ ಇನ್ನೊಂದು ಕಂಡವು. ಬಿಳಿಯವು, ದುಂಡನೆಯವು, ಹೆಸರಿಲ್ಲದವು. ಎರಡನ್ನು ಎತ್ತಿ ನೋಡಿ ಮತ್ತೆ ಕೆಳಗಿಟ್ಟರು. ನಾನು ಕಲ್ಯಾಣಿಯವರಿಗೆ ಫೋನು ಮಾಡಿದೆ. ಅವರು ಕಟ್ಟೆಯ ಮೂಲೆಯ ಕಸದಲ್ಲಿ ಸುಲಿದೆಸೆದ ಹಾಳೆಗಳನ್ನು ಹುಡುಕಿ, ಕೀಲುನೋವಿನದರ ಚಿತ್ರ ಕಳಿಸಿದರು. ವೈದ್ಯೆ ಅದನ್ನು ನೋಡಿ ನಿಟ್ಟುಸಿರಿಟ್ಟರು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆ ನುಂಗುವವರು ಇಂಥ ನೋವಿನ ಗುಳಿಗೆ ನುಂಗಿದರೆ, ಅದೂ ಖಾಲಿ ಹೊಟ್ಟೆಯಲ್ಲಿ, ಹೊಟ್ಟೆಯೊಳಗೆ ಹುಣ್ಣಾಗಿ ರಕ್ತ ಸೋರುತ್ತದಂತೆ. “ನೀವು ಹೇಳಿದ್ದು ಭಾಳ ಚಲೋ ಆತಮ್ಮ” ಎಂದರು, “ಇಲ್ಲಂದ್ರ ಮನಿಗಿ ಹೋಗಿ ಮತ್ತ ಅದನ್ನೇ ತಗೊಂತಿದ್ರು.” ಅಮರಮ್ಮನವರು ಆ ಹೊಗಳಿಕೆಯನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ.

ಸುಗ್ರಾ ಬೇಗಂ ಬದುಕಿಕೊಂಡರು. ಹಬ್ಬ ಆಸ್ಪತ್ರೆಯಲ್ಲೇ ಕಳೆಯಿತು. ಆ ನಡುವೆ ವೈದ್ಯೆ ಹೇಳಿದ್ದರೆಂದು ಕಲ್ಯಾಣಿ ತಾಯಿಯ ಔಷಧಗಳನ್ನೆಲ್ಲ, ಹೊದಿಕೆಯ ಸಮೇತ, ಒಂದು ಚೀಲದಲ್ಲಿ ಹಾಕಿಕೊಂಡು ರಾಯಚೂರಿಗೆ ಕರೆದೊಯ್ದರು. ಆಗ ಬಯಲಾಯಿತು ಭೂಭ್ರಮಣದ ರಹಸ್ಯ: ದೇವದುರ್ಗದ ಬಿಳಿ ಗುಳಿಗೆ, ಮಾನ್ವಿಯ ಗುಲಾಬಿ ಗುಳಿಗೆ, ಎರಡೂ ಒಂದೇ ಮದ್ದು, ಹೆಸರು ಮಾತ್ರ ಬೇರೆ; ಇಮ್ಮಡಿ ಮದ್ದಿಗೆ ರಕ್ತದೊತ್ತಡ ಕುಸಿದು ತಲೆ ತಿರುಗುತ್ತಿತ್ತು. ಒಂದನ್ನು ಬಿಡಿಸಿದರು, ಕೀಲುನೋವಿನದನ್ನೂ ನಿಲ್ಲಿಸಿ ಮೇಲೆ ಹಚ್ಚುವ ಮುಲಾಮು ಕೊಟ್ಟರು. ಕೆಲವೇ ದಿನಗಳಲ್ಲಿ ಅಮರಮ್ಮನವರು ಗೋಡೆ ಹಿಡಿಯದೆ ಬಚ್ಚಲಿಗೆ ಹೋದರು. ನಾವು ವಯಸ್ಸು ಎಂದು ಕರೆದು ಕೈತೊಳೆದುಕೊಂಡಿದ್ದೆವಲ್ಲ, ಅದು ವಯಸ್ಸಾಗಿರಲಿಲ್ಲ.

ನಡಿಗೆ ನೆಟ್ಟಗಾಯಿತು, ಅಮರಮ್ಮನವರು ಮಾತ್ರ ಕುಗ್ಗಿದರು. ವಹೀದ್ ಸಾಹೇಬರು ಅವರನ್ನು ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. ಎದುರು ಬಂದರೆ ದೃಷ್ಟಿ ತಪ್ಪಿಸಿ ಹೋಗುತ್ತಿದ್ದರು. ಓಣಿಯಲ್ಲಿ ಯಾರಾದರೂ ಕೆಮ್ಮಿದರೆ ಅಮರಮ್ಮನವರ ಕೈ ಅಭ್ಯಾಸದಂತೆ ಸೊಂಟಕ್ಕೆ ಹೋಗಿ, ಸಂಚಿಯನ್ನು ಮುಟ್ಟಿ, ಅಲ್ಲೇ ನಿಲ್ಲುತ್ತಿತ್ತು. ಶಿವಗಂಗಾ ಎಂದಿನಂತೆ ಅಂಗೈ ಒಡ್ಡಿ ಬಂದಾಗ ಹೇಳಿದರು: “ಗುಳಿಗಿ ಕೊಡಂಗಿಲ್ಲ ಯವ್ವಾ. ತಲಿನೋವು ಯಾಕ ಬರತದ, ಡಾಕ್ಟರಿಗಿ ತೋರಸು. ಒಂದು ಗ್ಲಾಸ್ ನೀರು ತರ್ಲೇನು? ಕುಡದು ಕುಂದ್ರು.” ಶಿವಗಂಗಾ ಕುಡಿಯಲಿಲ್ಲ, ಕೂರಲಿಲ್ಲ, ಮತ್ತೆ ಬರಲೂ ಇಲ್ಲ. ಅಂದು ಸಂಜೆ ಅಮರಮ್ಮನವರು ನನ್ನ ಮುಂದೆ ಎರಡೂ ಅಂಗೈ ಬಿಡಿಸಿ ತೋರಿಸಿದರು. “ಗುಳಿಗಿ ಇತ್ತು, ಬರತಿದ್ರು. ಇನ್ನ ಈ ಕೈಯಾಗ ಏನದರೀ ಸರ? ಸುಗ್ರಾಬಿ ಇನ್ನ ಇದನ್ನ ಮುಟ್ಟತಾಳೇನು?”

ಸುಗ್ರಾ ಬೇಗಂ ಮನೆಗೆ ಬಂದ ಸಂಜೆ ಕಿಟಕಿಯಲ್ಲಿ ನಾನಿದ್ದೆ. ಅಂಗಳದ ಕುರ್ಚಿಯಲ್ಲಿ ಶಾಲು ಹೊದ್ದು ಕೂತಿದ್ದರು. ಮಡಿಲಲ್ಲಿ ಹೊದಿಕೆ ಬಿಚ್ಚದ ಗುಳಿಗೆಗಳ ಹಾಳೆ. ವಹೀದ್ ಸಾಹೇಬರು ಗ್ಲಾಸಿನಲ್ಲಿ ನೀರು ತಂದು ಹಿಡಿದರು. ಸುಗ್ರಾ ಅದನ್ನು ತೆಗೆದುಕೊಳ್ಳದೆ ಗೋಡೆಯ ಕಡೆ ಕೂಗಿದರು.

“ಅಮರಕ್ಕಾ! ಎಲ್ಲಿದ್ದಿ ಬೇ? ನಾ ಬಂದೀನಿ, ನೀ ಅಡಗಿ ಕುಂತೀ.”

ಅಮರಮ್ಮನವರು ಗೋಡೆಯ ಬಳಿ ಬಂದು ನಿಂತರು, ತಲೆ ಎತ್ತದೆ.

“ಗುಳಿಗಿ ನನ್ನ ಹಂತ್ಯಾಕ ಅದ. ನೀರು ನೀ ಕೊಡು.”

ಅಮರಮ್ಮನವರು ಗೆಳತಿಯನ್ನಲ್ಲ, ವಹೀದ್ ಸಾಹೇಬರನ್ನು ನೋಡಿದರು. ಸಾಹೇಬರು ಗ್ಲಾಸು ಹಿಡಿದು ನಿಂತೇ ಇದ್ದರು. ಆಮೇಲೆ ಅದರ ನೀರನ್ನು ಮೆಹಂದಿ ಗಿಡದ ಬುಡಕ್ಕೆ ಹೊಯ್ದು, ಗೋಡೆಯವರೆಗೆ ನಡೆದು ಬಂದು, ಖಾಲಿ ಗ್ಲಾಸನ್ನು ಆಚೆಗೆ ಚಾಚಿದರು. “ಇದರಾಗ ತುಂಬಿ ಕೊಡ್ರಿ ಅಮರವ್ವ.” ಅಮರಮ್ಮನವರು ತಮ್ಮ ಕೊಡದ ನೀರು ತುಂಬಿ ತಂದರು, ಗೋಡೆ ದಾಟುವಷ್ಟರಲ್ಲಿ ಅರ್ಧ ತುಳುಕಿತ್ತು. ಉಳಿದರ್ಧದಲ್ಲಿ ಸುಗ್ರಾ ಬೇಗಂ ಗುಳಿಗೆ ನುಂಗಿ, ಗ್ಲಾಸು ಬರಿದು ಮಾಡಿ, ಸೆರಗಿನಿಂದ ಬಾಯಿ ಒರೆಸಿಕೊಂಡರು. ನಾನು ಕಿಟಕಿ ಮುಚ್ಚಿದೆ. ಕಿಟಕಿಗೂ ಒಂದು ಮರ್ಯಾದೆಯಿದೆ.

ಇಂದಿಗೂ ಗೋಡೆಯ ಮೇಲಿಂದ ನೀರು ಕೊಡುವುದು ನಡೆದಿದೆ. ಸುಗ್ರಾ ಬೇಗಂ ಕುರ್ಚಿಯ ಮೇಲೆಯೇ ನಮಾಜು ಮಾಡುತ್ತಾರೆ, ಅಮರಮ್ಮನವರಿಗೆ ದುವಾ ಬೇಡುವುದನ್ನು ಬಿಟ್ಟಿಲ್ಲ. ಸಂಚಿಯಲ್ಲಿ ಈಗ ಎಲೆಅಡಿಕೆ ಮಾತ್ರ. ದೇವದುರ್ಗದ ಬಸ್ಸಿನಲ್ಲಿ ಯಾರಾದರೂ ಹಣೆ ಒತ್ತಿಕೊಂಡರೆ ಅಮರಮ್ಮನವರು ನೀರಿನ ಬಾಟಲಿ ಮುಂದೆ ಹಿಡಿದು, ಈಗಾಗಲೇ ಏನೇನು ಗುಳಿಗೆ ನುಂಗುತ್ತೀರಿ, ವೈದ್ಯರಿಗೆ ಎಲ್ಲವನ್ನೂ ತೋರಿಸಿದ್ದೀರಾ ಎಂದು ಅಡ್ಡಸವಾಲು ಹಾಕುತ್ತಾರೆ. ಕೆಲವರು ಕುಡಿಯುತ್ತಾರೆ. ಕೆಲವರು ಕುಡಿಯುವುದಿಲ್ಲ. ಎದುರುಮನೆಯ ಬಾಗಿಲು ಇನ್ನೂ ಮುಚ್ಚಿಯೇ ಇದೆ.

ಬಹುಕಾಲ ಯಾರೂ ಮುಟ್ಟದೆ ಬಿಟ್ಟ ಕೈಗಳು ಒಮ್ಮೆ ಕೊಡಲು ತೆರೆದುಕೊಂಡರೆ ಮತ್ತೆ ಮುಚ್ಚುವುದು ಕಷ್ಟ. ಕೊಡಬೇಡಿ ಎಂದು ಅಂಥವರಿಗೆ ಹೇಳುವುದು ಸುಲಭ. ಸರಿಯಾದ ಮಾತೂ ಹೌದು. ಆದರೆ ಆ ಮಾತಿನಿಂದ ಬರಿದಾದ ಕೈಯನ್ನು ಬರಿದಾಗಿಯೇ ಬಿಟ್ಟುಹೋಗುವುದು ನಮ್ಮಂಥ ಬುದ್ಧಿವಂತರ ಕ್ರೌರ್ಯ. ಇಂಥವರು ನಮ್ಮ ಊರುಗಳ ಕಟ್ಟೆಕಟ್ಟೆಯ ಮೇಲೆ ಕೂತಿದ್ದಾರೆ, ನಮ್ಮ ಕೆಮ್ಮಿಗಾಗಿ ಕಾಯುತ್ತ. ಅವರಿಗೆ ನಾವು ಮಾಡಬೇಕಾದ ಉಪಚಾರ ದೊಡ್ಡದೇನಲ್ಲ. ನಮ್ಮ ಗುಳಿಗೆ ನಮ್ಮ ಹತ್ತಿರವೇ ಇರಲಿ. ನೀರನ್ನು ಅವರ ಕೈಯಿಂದ ಕುಡಿಯೋಣ.